ಇಪ್ಪತ್ತೇಳನೇ ಟ್ರಯಲ್

ಆ ಕಂಪ್ಯೂಟರಿಗೆ ಹನ್ನೊಂದು ವರ್ಷ, ಅದರ ಯಜಮಾನನಿಗೆ ಮೂವತ್ತೆರಡು. ಎರಡೂ ಶುರುವಾಗಬೇಕಾದರೆ ಬೆಳಗಾಗುತ್ತದೆ ಎಂಬುದು ಕಸೂತಿ ಅಂಗಡಿಯ ಮೂಲೆಯಲ್ಲಿ ಕೂತು ದಾರ ಕತ್ತರಿಸುವ ಅವನ ಸೋದರತ್ತೆಯ ಮಾತು.

ಕಂಪ್ಯೂಟರ್ ರಿಪೇರಿಯವಳು ಅಂದು ಬಂದದ್ದು ನಾಲ್ಕನೇ ಸಲ. ನೀಲಿ ಕೋಟು, ಹೆಗಲಿಗೆ ಭಾರದ ಬ್ಯಾಗು, ತುರುಬಿಗೆ ಸಿಕ್ಕಿಸಿದ ಸ್ಕ್ರೂಡ್ರೈವರ್. ಬೇರೆಯವರು ಹೂವು ಮುಡಿಯುವಷ್ಟೇ ಸಹಜವಾಗಿ ಅವಳು ಅದನ್ನು ಮುಡಿಯುತ್ತಿದ್ದಳು.

"ಇವತ್ತು ಎರಡರಲ್ಲಿ ಒಂದು ಹೇಳಿಬಿಡಿ," ಅಂದಳು. "ಹೊಸ ಸಿಸ್ಟಮ್ ಹಾಕ್ಲಾ, ಬೇಡ್ವಾ? ಮುಂದಿನ ವಾರ ಅನ್ನೋ ಹಾಗಿಲ್ಲ."

"ನಾನೆಲ್ಲಿ ಹಾಗಂದೆ ಮೇಡಂ?" ಎಂದ ಕಸೂತಿಯವನು.

"ಅನ್ನೋಕೆ ಬಾಯಿ ತೆಗೆದಿದ್ರಿ."

ಅವನು ಬಾಯಿ ಮುಚ್ಚಿಕೊಂಡ. ಮೂಲೆಯಲ್ಲಿ ಅತ್ತೆ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ವಿಷಯ ಇಷ್ಟೇ. ಯೂನಿಫಾರ್ಮಿನ ಜೇಬಿನ ಮೇಲಿನ ಹೆಸರು, ಟೋಪಿಯ ಮೇಲಿನ ಗುರುತು, ಎಲ್ಲವೂ ಆ ಹಳೆಯ ಕಂಪ್ಯೂಟರಿನಿಂದಲೇ ಕಸೂತಿ ಮಷಿನ್‌ಗೆ ಹೋಗಬೇಕು. ಅದರ ಆಪರೇಟಿಂಗ್ ಸಿಸ್ಟಮ್‌ಗೆ ತಯಾರಕರು ಕೊಡುವ ಕಾವಲು ತಿಂಗಳ ಕೊನೆಗೆ ಮುಗಿಯುತ್ತದೆ. ಆಮೇಲೆ ಯಾವ ವೈರಸ್ ಬಂದರೂ ಕೇಳುವವರಿಲ್ಲ. ಹೊಸದು ಹಾಕೋಣವೆಂದರೆ ಹಳೆಯ ಕಸೂತಿ ಸಾಫ್ಟ್‌ವೇರ್ ಅದರಲ್ಲಿ ಓಡೀತೇ? ಓಡದಿದ್ದರೆ ಹನ್ನೊಂದು ವರ್ಷ ಕೂತು ಮಾಡಿದ ಡಿಸೈನುಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೀಗೆ ಅಳೆದು ಸುರಿದು, ಮೀನಮೇಷ ಎಣಿಸಿ ಅವನು ಮೂರು ತಿಂಗಳು ಕಳೆದಿದ್ದ.

ಅವಳು ಮೀನಮೇಷ ಎಣಿಸುವ ಪೈಕಿಯಲ್ಲ. ಆದರೆ ಮೂರು ದಿನದಿಂದ ಅವಳ ಕೈಯಲ್ಲೂ ಒಂದು ಪ್ರಶ್ನೆ ಹಾಗೆಯೇ ಉಳಿದಿತ್ತು. ಬಸ್ಸಿನಲ್ಲಿ ಎರಡೂವರೆ ಗಂಟೆ ದೂರದ ಊರಿನಲ್ಲಿ ಅವಳ ಕಂಪನಿ ಹೊಸ ಶಾಖೆ ತೆರೆಯುತ್ತಿತ್ತು. ಅದರ ಉಸ್ತುವಾರಿ ಅವಳಿಗೆ. ಒಪ್ಪಿಗೆಯೋ ಇಲ್ಲವೋ, ಇಂದು ಸಂಜೆ ಐದರೊಳಗೆ ಹೇಳಬೇಕು. ಆಸೆಪಟ್ಟ ಕೆಲಸವೇ. ಅವಳನ್ನು ತಡೆದದ್ದು ಈ ಅಂಗಡಿಯ ಮೇಜಿನ ಒಂದು ಮೂಲೆ.

ಮೊದಲ ಸಲ ಬಂದಾಗ ಆ ಮೂಲೆ ತಾಗಿ ಅವಳ ಮೊಣಕೈ ತರಚಿತ್ತು. ಎರಡನೇ ಸಲ ಬರುವಷ್ಟರಲ್ಲಿ ಅದಕ್ಕೊಂದು ಹತ್ತಿಯ ಕವಚ ಬಂದಿತ್ತು, ಅಂಚಿಗೆ ಅಚ್ಚುಕಟ್ಟಾದ ಹೊಲಿಗೆ ಬೇರೆ. ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳೂ ಕೇಳಲಿಲ್ಲ. ಅಂದು ಮನೆಗೆ ಹೋಗುವಾಗ ಮಾತ್ರ ಅವಳು ಇಳಿಯಬೇಕಾದ ಸ್ಟಾಪ್ ಬಿಟ್ಟು ಮುಂದಿನದರಲ್ಲಿ ಇಳಿದಿದ್ದಳು.

"ಒಂದು ಮಾತು ಕೇಳ್ತೀನಿ," ಎಂದಳು ಈಗ. "ಹೊಸ ಡಿಸೈನನ್ನ ನೀವು ಸೀದಾ ಗಿರಾಕಿ ಬಟ್ಟೆ ಮೇಲೆ ಹೊಲೀತೀರಾ?"

"ಛೆ, ಎಲ್ಲಾದ್ರೂ ಉಂಟಾ! ಮೊದಲು ತುಂಡು ಬಟ್ಟೆ ಮೇಲೆ ಟ್ರಯಲ್."

"ನಾನೂ ಹಾಗೇ." ಬ್ಯಾಗಿನಿಂದ ಅಂಗೈಯಷ್ಟು ಅಗಲದ ಹೊಸ ಡಿಸ್ಕ್ ತೆಗೆದಳು. "ಇದು ನನ್ನ ತುಂಡು ಬಟ್ಟೆ. ನಿಮ್ಮ ಡಿಸ್ಕಲ್ಲಿ ಇರೋದನ್ನೆಲ್ಲ ಇದಕ್ಕೆ ಕಾಪಿ ಮಾಡ್ತೀನಿ. ಹಳೇದನ್ನ ಬಿಚ್ಚಿ ನಿಮ್ಮ ಕೈಗೇ ಕೊಡ್ತೀನಿ. ಹೊಸ ಸಿಸ್ಟಮ್ ಹಾಕೋದು ಕಾಪಿ ಮೇಲೆ. ಕೆಟ್ರೆ ಕಾಪಿ ಕೆಡುತ್ತೆ. ನಿಮ್ಮದು ನಿಮ್ಮ ಹತ್ರ ಭದ್ರ."

ಅವನು ಅವಳನ್ನು ನೋಡಿದ, ಡಿಸ್ಕನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಎರಡನೇ ಸಲ ತುಸು ಹೆಚ್ಚೇ ಹೊತ್ತು ನೋಡಿದ.

"ಇದನ್ನ ಮೊದಲೇ ಹೇಳಬಾರದಿತ್ತಾ?"

"ಮೂರು ಸಲ ಹೇಳಿದ್ದೀನಿ. ನೀವು ಕೇಳಿಸ್ಕೊಳ್ತಾ ಇರಲಿಲ್ಲ, ಬರೀ ನೋಡ್ತಾ ಇದ್ರಿ."

ಅವನ ಕಿವಿ ಕೆಂಪಾಯಿತು. ಅತ್ತೆಗೆ ಮತ್ತೆ ಕೆಮ್ಮು ಬಂತು. "ಹಾಕಮ್ಮಾ, ಹಾಕು," ಎಂದರು. "ಇವನ ಒಪ್ಪಿಗೆ ಕಾಯ್ತಾ ಕೂತ್ರೆ ನಿನ್ನ ತಲೆಕೂದಲು ನನ್ನ ಹಾಗೆ ಬೆಳ್ಳಗಾಗುತ್ತೆ."

"ಸರಿ, ಹಾಕಿ," ಎಂದ ಅವನು.

ಕಾಪಿ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಹಳೆಯ ಡಿಸ್ಕನ್ನು ಅವನ ಅಂಗೈಯಲ್ಲಿಟ್ಟಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಅದನ್ನು ಗಮನಿಸದವರಂತೆ ನಟಿಸಿದರು, ಇಬ್ಬರೂ ಕೆಟ್ಟ ನಟರು.

ಹೊಸ ಸಿಸ್ಟಮ್ ಏರತೊಡಗಿತು. ಪರದೆಯ ಮೇಲೆ ಶೇಕಡಾ ಹನ್ನೆರಡು, ಹದಿಮೂರು. ಈಗ ಹೇಳದಿದ್ದರೆ ಇನ್ನು ಯಾವಾಗ ಎಂದುಕೊಂಡು ಅವಳು ಶಾಖೆಯ ವಿಷಯ ಹೇಳಿದಳು. ಊರಿನ ಹೆಸರನ್ನೂ, ಐದು ಗಂಟೆಯ ಗಡುವನ್ನೂ ಹೇಳಿದಳು.

ಅವನು ದಾರದ ರೀಲೊಂದನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಒಳ್ಳೇದಾಯ್ತು," ಎಂದ. "ನಿಮ್ಮಂಥೋರಿಗೆ ಇನ್ನೂ ಮೊದಲೇ ಕೊಡಬೇಕಿತ್ತು." ಆಮೇಲೆ ಹಳೆಯ ಡಿಸ್ಕನ್ನು ಅತ್ತೆಯ ಮಡಿಲಿಗೆ ಹಾಕಿ, "ಈಗ ಬಂದೆ," ಎಂದು ಹೊರಟೇಹೋದ.

ಒಳ್ಳೇದಾಯ್ತಂತೆ! ಅವಳಿಗೆ ಸಿಟ್ಟು ಬಂತು. ಬೇಸರವೂ ಆಯಿತು, ಸಿಟ್ಟಿಗಿಂತ ಹೆಚ್ಚಾಗಿಯೇ ಆಯಿತು. ಮೇಜಿನ ಮೂಲೆಗೆ ಕವಚ ಹೊಲಿದವನು ಇಷ್ಟು ಸುಲಭವಾಗಿ ಕಳಿಸಿಕೊಡುತ್ತಾನೆಯೇ?

"ಅವನು ಅತ್ತಾಗ ಕಣ್ಣೀರು ಬರಲ್ಲ, ನಕ್ಕಾಗ ಹಲ್ಲು ಕಾಣಲ್ಲ," ಎಂದರು ಅತ್ತೆ. "ಕೈ ಕೆಲಸ ನೋಡಿದ್ರೇ ಗೊತ್ತಾಗೋದು."

ಅವನು ಬರಲು ಮುಕ್ಕಾಲು ಗಂಟೆಯಾಯಿತು. ಅಷ್ಟರಲ್ಲಿ ಹೊಸ ಸಿಸ್ಟಮ್ ಏರಿ, ಹಳೆಯ ಸಾಫ್ಟ್‌ವೇರ್ ಒಂದೆರಡು ಸಲ ಮುನಿಸಿಕೊಂಡು, ಕೊನೆಗೆ ದಾರಿಗೆ ಬಂದಿತ್ತು. ಅವಳು ಡಿಸೈನುಗಳನ್ನು ಒಂದೊಂದಾಗಿ ತೆರೆದು ಪರೀಕ್ಷಿಸುತ್ತಿದ್ದಳು. ಹೆಸರುಗಳು, ಬಳ್ಳಿಗಳು, ಲಾಂಛನಗಳು, ಎಲ್ಲ ಸರಿಯಾಗಿದ್ದವು. ಕೊನೆಯ ಫೋಲ್ಡರಿನ ಹೆಸರು 'ಟ್ರಯಲ್'. ಅದರೊಳಗೆ ಇಪ್ಪತ್ತೇಳು ಫೈಲುಗಳು.

ಮೊದಲನೆಯದನ್ನು ತೆರೆದಳು. ತಲೆ ಬಗ್ಗಿಸಿ ಏನನ್ನೋ ಬಿಚ್ಚುತ್ತಿರುವ ಹೆಣ್ಣು. ತುರುಬಿನಲ್ಲಿ ಸ್ಕ್ರೂಡ್ರೈವರ್.

ಎರಡನೆಯದರಲ್ಲಿ ತುರುಬು ಸಡಿಲವಾಗಿತ್ತು. ಒಂಬತ್ತನೆಯದರಲ್ಲಿ ಕೋಟಿಗೆ ನೀಲಿ ಬಂದಿತ್ತು. ಹದಿನಾರನೆಯದರಲ್ಲಿ ಹಲ್ಲಿನ ನಡುವೆ ಕಚ್ಚಿ ಹಿಡಿದ ಪುಟ್ಟ ಟಾರ್ಚು. ಅವಳು ಹಾಗೆ ಟಾರ್ಚು ಕಚ್ಚಿಕೊಳ್ಳುವುದು ಅವಳಿಗೇ ಗೊತ್ತಿರಲಿಲ್ಲ. ಮೊದಲ ಫೈಲಿನ ತಾರೀಕು ನೋಡಿದಳು: ಅವಳು ಈ ಅಂಗಡಿಗೆ ಮೊದಲು ಬಂದ ಮರುದಿನ.

ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಏದುಸಿರು ಬಿಡುತ್ತ ಬಂದವನು ಪರದೆ ನೋಡಿ ಅಲ್ಲೇ ನಿಂತ.

"ಫೈಲೆಲ್ಲ ಸರಿಯಾಗಿದೆ," ಎಂದಳು ಅವಳು ಶಾಂತವಾಗಿ.

"ಮೂಗು ಇನ್ನೂ ಸರಿ ಬಂದಿಲ್ಲ," ಎಂದ ಅವನು.

"ಯಾರ ಮೂಗು ಅಂತ ನಾನು ಕೇಳಲೇ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಅವನ ಪಾಡು. ಅತ್ತೆ ಈ ಸಲ ಕೆಮ್ಮಲಿಲ್ಲ. ಬಾಯಿಗೆ ಸೆರಗು ಹಿಡಿದು ಕೂತರು.

"ಇಪ್ಪತ್ತೇಳು ಟ್ರಯಲ್!" ಎಂದಳು. "ನಿಜವಾದ ಬಟ್ಟೆ ಮೇಲೆ ಹೊಲಿಯೋದು ಯಾವಾಗ?"

"ಹೊಲಿದ ಮೇಲೆ ಬಿಚ್ಚಿದ್ರೆ ತೂತು ಉಳಿಯುತ್ತೆ. ಅದಕ್ಕೇ ಭಯ." ಅವನು ತಲೆ ಎತ್ತಿದ. ಈಗ ಅವನ ದನಿಯಲ್ಲಿ ತಡವರಿಕೆ ಇರಲಿಲ್ಲ. "ನೀವಂದ್ರೆ ನನಗೆ ಇಷ್ಟ. ಕಂಪ್ಯೂಟರಿಗೆ ಹೊಸದು ಹಾಕಿದ್ರೆ ನೀವು ಮತ್ತೆ ಬರಲ್ಲವಲ್ಲ ಅಂತ ಮುಂದಿನ ವಾರ, ಮುಂದಿನ ವಾರ ಅಂತಿದ್ದೆ."

ಅವಳ ಎದೆ ತುಂಬಿ ಬಂತು. ತುಂಬಿ ಬಂದಾಗ ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಎದ್ದು ನೀಲಿ ಕೋಟು ಬಿಚ್ಚಿ ಅವನ ಕೈಗೆ ಕೊಟ್ಟಳು.

"ಜೇಬಿನ ಮೇಲೆ ಹೊಲೀರಿ. ಇಪ್ಪತ್ತೇಳನೇದು."

ಅವನ ಕೈ ಅಭ್ಯಾಸಬಲದಿಂದ ತುಂಡು ಬಟ್ಟೆಯ ಬುಟ್ಟಿಗೆ ಹೋಯಿತು. ಅವಳು ಕಾಲಿನಿಂದ ಬುಟ್ಟಿಯನ್ನು ಆಚೆ ತಳ್ಳಿದಳು.

"ಮೂಗು..."

"ನನ್ನ ಮೂಗು ನನಗೆ ಗೊತ್ತು. ಚೆನ್ನಾಗಿದೆ."

ಕೋಟನ್ನು ಫ್ರೇಮಿಗೆ ಬಿಗಿದು ಅವನು ಗುಂಡಿ ಒತ್ತಿದ. ಹೊಸ ಸಿಸ್ಟಮ್ ಒಂದು ಕ್ಷಣ ಯೋಚಿಸಿತು. ಆಮೇಲೆ ಸೂಜಿ ಟಕಟಕನೆ ಇಳಿಯತೊಡಗಿತು.

"ಹಾಗಾದ್ರೆ ಶಾಖೆ?" ಎಂದು ಅತ್ತೆಯೇ ಕೇಳಿದರು. ಬೇರೆ ಯಾರೂ ಕೇಳುವ ಹಾಗೆ ಕಾಣಲಿಲ್ಲ.

ಅವನು ಜೇಬಿನಿಂದ ರಟ್ಟಿನ ಚೂರೊಂದನ್ನು ತೆಗೆದು ಅವಳ ಮುಂದಿಟ್ಟ. ಪೆನ್ಸಿಲಿನಲ್ಲಿ ಬರೆದ ಹೊತ್ತುಗಳು: ಆರೂವರೆ, ಎಂಟು, ಒಂಬತ್ತು ಮುಕ್ಕಾಲು. ಕೆಳಗೆ, ವಾಪಸ್ ಬರುವ ಬಸ್ಸುಗಳು.

"ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ," ಎಂದ. "ನೀವು ಹೋಗಿ. ಖಂಡಿತ ಹೋಗಿ. ಭಾನುವಾರ ಬೆಳಗ್ಗೆ ಆರೂವರೆ ಬಸ್ಸು ಹತ್ತಿದ್ರೆ ಒಂಬತ್ತಕ್ಕೆ ಅಲ್ಲಿರ್ತೀನಿ."

ಒಂದು ಆಪರೇಟಿಂಗ್ ಸಿಸ್ಟಮ್‌ಗೆ ಮೂರು ತಿಂಗಳು ತೆಗೆದುಕೊಂಡವನು ಇದನ್ನು ಮುಕ್ಕಾಲು ಗಂಟೆಯಲ್ಲಿ ತೀರ್ಮಾನಿಸಿದ್ದ. ಅವಳು ಆ ರಟ್ಟನ್ನು ಎರಡು ಸಲ ಓದಿ ಬ್ಯಾಗಿನ ಒಳಜೇಬಿನಲ್ಲಿಟ್ಟಳು.

"ಹಳೇ ಡಿಸ್ಕ್ ಇಟ್ಕೊಂಡಿರಿ," ಎಂದಳು. "ಹೊಸದು ಬೇಡ ಅನ್ನಿಸಿದ್ರೆ ವಾಪಸ್ ಹೋಗಬಹುದು."

"ವಾಪಸ್ ಹೋಗಲ್ಲ, ಮೇಡಂ."

"ಮೊದಲು ಆ ಮೇಡಂ ಬಿಡಿ."

ಐದಕ್ಕೆ ಹತ್ತು ನಿಮಿಷ ಇತ್ತು. ಅವಳು ಫೋನ್ ತೆಗೆದು ಕಂಪನಿಗೆ ಹಚ್ಚಿದಳು. ಸೂಜಿ ಆಗಷ್ಟೇ ಮೂಗಿನ ಹತ್ತಿರ ಬಂದಿತ್ತು. ಅವನು ಮಷಿನ್ ಮೇಲೆ ಬಗ್ಗಿದ್ದ. ಕಿವಿಯೊಂದನ್ನು ಮಾತ್ರ ಇತ್ತ ಬಿಟ್ಟಿದ್ದ.

"ಒಪ್ಪಿಗೆ ಸರ್, ಸೋಮವಾರವೇ ಬರ್ತೀನಿ," ಎಂದಳು. "ಒಂದೇ ಒಂದು ಷರತ್ತು. ಭಾನುವಾರ ಮಾತ್ರ ನನಗೆ ಕೆಲಸ ಹಚ್ಚಬೇಡಿ."