ಸ್ವಲ್ಪ ಅಲುಗಾಡಿತು ಅಷ್ಟೇ

"ನನ್ನ ವರದಿ ಕಿತ್ತುಹಾಕಿದ್ದು ನೀವೇನಾ?"

ವಿನ್ನಿಯ ಬೇಕರಿಯೊಳಗೆ ಕಾಲಿಟ್ಟವನಿಗೆ ಸಿಕ್ಕ ಸ್ವಾಗತ ಇದು. ಭೂಕಂಪದ ತನಿಖೆಗೆ ಪರ್ತ್‌ನಿಂದ ಬಂದಿದ್ದ ಲಾಕ್ಲನ್ ಹ್ಯಾಟು ತೆಗೆದ.

"ಕಿತ್ತುಹಾಕಿಲ್ಲ, ಪಕ್ಕಕ್ಕಿಟ್ಟೆ. ಊರವರೆಲ್ಲ ತಮ್ಮ ವರದೀಲಿ 'ಸ್ವಲ್ಪ ಅಲುಗಾಡ್ತು' ಅಂತ ಬರ್ದಿದಾರೆ. ಗೋಡೆ ಸೀಳ್ತು ಅಂದಿದ್ದು ನೀವೊಬ್ರೇ. ಹಾಗಾಗಿ..."

"ಹಾಗಾಗಿ ನಾನು ಸುಳ್ಳಿ."

ವಿನ್ನಿಯ ಮೈಯೆಲ್ಲ ಉರಿಯಿತು. ಕಂಪನ ಸಣ್ಣದೆಂದು ಇವನು ಬರೆದರೆ ಕಟ್ಟಡ ಪರೀಕ್ಷಿಸುವವರು ಈ ಕಡೆ ತಲೆ ಹಾಕುವುದಿಲ್ಲ. ಅಜ್ಜ ಕಟ್ಟಿದ ಒಲೆಯ ಗೋಡೆ ಬಿರುಕುಬಿಟ್ಟಾಗಿನಿಂದ ಅವಳು ಬ್ರೆಡ್ಡೇ ಬೇಯಿಸಿಲ್ಲ. ಊರಿಗೆ ಅವಳು ಕಡ್ಡಿಯನ್ನು ಗುಡ್ಡ ಮಾಡುವವಳು. ಈಗ ಇವನಿಗೂ...

"ನಡೀರಿ ಕ್ಲೆಮ್ ಮನೆಗೆ."

ಗೋಧಿ ಬೆಳೆಯುವ ಮುದುಕ ಕ್ಲೆಮ್ ಜಗಲಿಯಲ್ಲಿ ಚಹಾ ಹೀರುತ್ತಿದ್ದ.

"ಭೂಕಂಪಾನಾ? ಏನಿಲ್ಲಪ್ಪ, ಸ್ವಲ್ಪ ಅಲುಗಾಡ್ತು."

ವಿನ್ನಿ ಲಾಕ್ಲನ್‌ನ ತೋಳು ಹಿಡಿದು ಹಿತ್ತಲಿಗೆ ಎಳೆದೊಯ್ದಳು; ಕ್ಲೆಮ್ ಹಿಂದೆಯೇ ಬಂದ. ಮನೆಯ ಹೊಗೆಗೂಡು ಪೂರ್ತಿ ಕುಸಿದು ಕೋಳಿಗೂಡಿನ ಮೇಲೆ ಬಿದ್ದಿತ್ತು.

"ಇದು ಸ್ವಲ್ಪಾನಾ ಕ್ಲೆಮ್?"

"ಕೋಳಿಗಳು ಹೊರಗಿದ್ವಲ್ಲ ಹುಡುಗಿ. ಇಷ್ಟಕ್ಕೆಲ್ಲ ಬಾಯಿ ಬಡ್ಕೊಂಡ್ರೆ ಜನ ಏನಂತಾರೆ?"

"ನನಗೆ ಅಂದಿದ್ದನ್ನೇ ಅಂತಾರೆ. ನಿಮ್ಮ ಗತ್ತು ಉಳೀಲಿ ಅಂತ ನನ್ನನ್ನ ಸುಳ್ಳಿ ಮಾಡಿದ್ರಲ್ಲ..."

ಕ್ಲೆಮ್ ತಲೆ ತಗ್ಗಿಸಿದ. ಲಾಕ್ಲನ್ ಅದಕ್ಕಿಂತ ಕೆಳಕ್ಕೆ ತಗ್ಗಿಸಿದ.

ಆಮೇಲೆ ವಾರವಿಡೀ ವಿನ್ನಿ, ಲಾಕ್ಲನ್ ಇಬ್ಬರೂ ಮನೆಮನೆ ಸುತ್ತಿದರು. ಏನಾಯಿತೆಂದು ಅವನು ಯಾರನ್ನೂ ಕೇಳಲಿಲ್ಲ, ಹಿತ್ತಲು ತೋರಿಸಿ ಎಂದ. ದಾರಿಯುದ್ದಕ್ಕೂ ಅವಳು ಬೈದಳು. ಅವನು ಒಮ್ಮೆಯೂ ಎದುರಾಡಲಿಲ್ಲ, ಅದಕ್ಕೂ ಅವಳಿಗೆ ಸಿಟ್ಟು. ಸಂಜೆ ಹೊತ್ತು ಅವನು ಒಲೆಯ ಗೋಡೆಗೆ ಮರದ ಆಸರೆ ಕೊಡುತ್ತಿದ್ದರೆ, ಅವಳು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಹಾಳಾದವನು, ನಗುವುದು ಯಾಕಿಷ್ಟು ಚೆಂದ...

ಕೊನೆಯ ಸಂಜೆ ಅವನು ಬಾಗಿಲಲ್ಲಿ ನಿಂತ.

"ವರದಿ ತಿದ್ದಿ ಕಳಿಸಿದೆ. ಪರೀಕ್ಷೆ ಮಾಡೋರು ಸೋಮವಾರ ಬರ್ತಾರೆ. ಮೊದ್ಲೇ ನಿಮ್ಮನ್ನ ನಂಬಬೇಕಿತ್ತು, ತಪ್ಪಾಯ್ತು."

"ತಪ್ಪಾಯ್ತು ಅಂದ್ಬಿಟ್ರೆ ಮುಗೀತಾ? ಆ ಪರೀಕ್ಷೆಗೆ ನೀವೂ ಬರ್ಬೇಕು."

"ಆಮೇಲೂ ಬರೋಣ ಅಂತಿದೀನಿ. ನಿಮ್ಮ ಬೈಗುಳ ಇಲ್ದೆ ನಂಗೀಗ ದಿನ ಹೋಗಲ್ಲ ವಿನ್ನಿ." ಅವನ ದನಿ ಇಳಿಯಿತು. "ನನ್ನ ಕಂಡ್ರೆ ಬರೀ ಕೋಪಾನಾ? ಇಷ್ಟ ಇಲ್ವಾ?"

ಇಟ್ಟಿಗೆ ದೂಳಿನ ಕೈಯನ್ನು ಅವಳು ಏಪ್ರನ್‌ಗೆ ಒರೆಸಿಕೊಂಡಳು.

"ಇದೆ. ಸ್ವಲ್ಪ."

ಅವನು ಅವಳ ಮುಖವನ್ನೇ ನೋಡಿದ.

"ಈ ಊರಿನ ಸ್ವಲ್ಪಾನಾ?"

"ಹೂಂ," ಎಂದಳು ವಿನ್ನಿ, ಇನ್ನೂ ಸಿಟ್ಟಿನಲ್ಲೇ. "ಈ ಊರಿನದೇ."