ಆಬಿಡ್ಸ್ ಬೀದಿಯ ಅಂಬಾಸಡರ್

ಗಚ್ಚಿಬೌಲಿಯ ಕಚೇರಿಯಿಂದ ನಾಚಾರಂ ಮುಟ್ಟುವಷ್ಟರಲ್ಲಿ ವತ್ಸಲಾಳ ಸೊಂಟ ಹಿಡಿದುಹೋಗಿತ್ತು. ಒಂದು ಕಪ್ ಚಹಾ ಕುಡಿದು ಅಡ್ಡಾಗೋಣವೆಂದು ಸೋದರತ್ತೆಯ ಮನೆಗೆ ಬಂದರೆ, ಪಡಸಾಲೆಯಲ್ಲಿ ಐವತ್ತರ ಆಸುಪಾಸಿನ ಮನುಷ್ಯನೊಬ್ಬ ಕುರ್ಚಿಯ ಅಂಚಿಗೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದ.

"ಇಪ್ಪತ್ತೆರಡ ವರ್ಷ ದುಡದ ಮನ್ಯಾಗ ಕಳ್ಳ ಅನಿಸ್ಕೊಂಡೆ, ಬಾಯಾರ," ಎಂದ.

ಅತ್ತೆ ಸುಂದರಾಬಾಯಿಗೆ ಎಪ್ಪತ್ತೊಂದು. ಗಂಡ ತೀರಿದ ಮೇಲೆ ರಾಣಿಗಂಜಿನ ಮೋಟಾರು ಬಿಡಿಭಾಗಗಳ ಅಂಗಡಿಯನ್ನು ಮೂವತ್ತು ವರ್ಷ ನಡೆಸಿದವರು. ಒಂದು ದೀಪದ ಗಾಜು, ಬಂಪರಿನ ಒಂದು ತಿರುವು ಕಂಡರೆ ಸಾಕು, ಗಾಡಿ ಯಾವುದು, ಯಾವ ಕಾಲದ್ದು ಎಂದು ಹೇಳಿಬಿಡುತ್ತಿದ್ದರು. ಊರಿನ ಕನ್ನಡದ ಮನೆಗಳಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುವುದು ರೂಢಿಯಾಗಿತ್ತು. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ತಿರುಗುವ ಕೆಲಸ ವತ್ಸಲಾಳದು.

ಬಂದವನ ಹೆಸರು ಸತೀಶ. ಬೇಗಂಪೇಟೆಯ ಫೋಟೋಗ್ರಾಫರ್ ವಿಜಯಕುಮಾರರ ಸಹಾಯಕನಾಗಿದ್ದವನು. ಅವರು ತೀರಿಕೊಂಡು ಮೂರು ವರ್ಷವಾದರೂ ಅವರ ಚಿತ್ರಗಳನ್ನು ಅವನೇ ಕಾಯುತ್ತಿದ್ದ. ಈಗ ಆ ಚಿತ್ರಗಳದೊಂದು ಪುಸ್ತಕ ಬರಲಿತ್ತು. ಮುಖಪುಟಕ್ಕೆ ಅವರ ಹೆಸರಾಂತ ಚಿತ್ರ, 'ಆಬಿಡ್ಸ್ ಬೀದಿ, 1956'. ಅದರ ನೆಗೆಟಿವ್ ಲಕೋಟೆಯಲ್ಲಿ, ಬೀರುವಿನೊಳಗೆ ಇತ್ತು. ಸೋಮವಾರ ಪುಸ್ತಕದ ಸಂಪಾದಕಿ ಪೂರ್ವಿಗೆ ಅದನ್ನು ಕೊಡಬೇಕೆಂದು ಬೀರು ತೆಗೆದರೆ ಲಕೋಟೆ ಖಾಲಿ.

"ಚಾವಿ ಯಾರ ಹತ್ರ ಇತ್ತು?" ಸುಂದರಾಬಾಯಿ ಕೇಳಿದರು.

"ನನ್ನ ಹತ್ರನರಿ. ಊಟಕ್ಕ ಹೋಗುವಾಗ ಮಾತ್ರ ಅಲ್ಲೇ ಮೊಳಿಗೆ ಹಾಕಿ ಹೋಗ್ತೀನಿ. ಸಾಹೇಬ್ರ ಮಗ ರವಿಕಿರಣ ಅವ್ರು ಎಲ್ಲಾರ ಮುಂದ, 'ನೀನ ಮಾರ್ಕೊಂಡಿ' ಅಂದ್ರು."

ಸುಂದರಾಬಾಯಿ ಮೊಣಕಾಲು ಹಿಡಿದುಕೊಂಡು ಎದ್ದರು. ವತ್ಸಲಾ ಚಹಾ ಕಾಯಲಿಟ್ಟಿದ್ದ ಒಲೆ ಆರಿಸಿ, ಮತ್ತೆ ಕಾರಿನ ಕೀಲಿ ಕೈಗೆತ್ತಿಕೊಂಡಳು.

ಬೇಗಂಪೇಟೆಯ ಆ ಮನೆಯಲ್ಲಿ ವಿಜಯಕುಮಾರರ ಹೆಂಡತಿ ಸತ್ಯಭಾಮಾ ಕಿಟಕಿಯ ಪಕ್ಕ ಕುಳಿತಿದ್ದರು. ಎಂಬತ್ತು ದಾಟಿದ, ಮಾತು ಕಡಿಮೆಯ ಹೆಣ್ಣುಮಗಳು. ಮೈಸೂರಿನ ಹುಡುಗಿ ಪೂರ್ವಿ ಕಾಗದ ಹರಡಿಕೊಂಡಿದ್ದಳು. ಅರವತ್ತರ ರವಿಕಿರಣ ಸತೀಶನನ್ನು ಕಂಡೊಡನೆ ಮುಖ ತಿರುಗಿಸಿದ.

ಚಿತ್ರ ಗೋಡೆಯ ಮೇಲಿತ್ತು. ನಡುವೆ ಅಂಬಾಸಡರ್, ಅದರ ಹಿಂದೆ ಸೈಕಲ್ ರಿಕ್ಷಾ, ಎಡ ಅಂಚಿನಲ್ಲಿ ಇನ್ಯಾವುದೋ ಗಾಡಿಯ ಹಿಂಬದಿಯ ಬೆರಳಗಲದ ತುಣುಕು, ದೀಪದ ಸಮೇತ. ಸುಂದರಾಬಾಯಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಪೂರ್ತಿ ನೆಗೆಟಿವ್ ಯಾರರ ನೋಡೀರೇನು?"

"ಇಲ್ಲಮ್ಮ," ಎಂದಳು ಪೂರ್ವಿ. "ಅಂಚು ಕತ್ತರಿಸಿದ ಈ ಪ್ರಿಂಟ್ ಒಂದೇ ಇರೋದು. ಪೂರ್ತಿ ಚಿತ್ರ ಬೇಕು ಅಂತಾನೇ ನಾನು ಕೇಳಿದ್ದು."

"ಸಾಹೇಬ್ರು ಯಾರಿಗೂ ತೋರಿಸ್ತಿದ್ದಿಲ್ರಿ," ಎಂದ ಸತೀಶ.

"ನಾನಂತೂ ಆ ಲಕೋಟಿ ಬಿಚ್ಚೇ ಇಲ್ಲ," ಎಂದ ರವಿಕಿರಣ.

ಸುಂದರಾಬಾಯಿ ಸತ್ಯಭಾಮಾರ ಕಡೆ ತಿರುಗಿದರು. "ನಿಮ್ಮ ಲಗ್ನ ಯಾವಾಗ ಆತ್ರಿ?"

"ಅರವತ್ತೆರಡನೇ ಇಸ್ವಿ."

ಸುಂದರಾಬಾಯಿ ಮತ್ತೆ ಚಿತ್ರದ ಅಂಚಿಗೆ ಬೆರಳಿಟ್ಟರು. "ಇದು ಫಿಯಾಟಿನ ಹಿಂಬದಿ ಇದ್ದಂಗ ಐತಿ."

"ಫಿಯಾಟ್ ಅಲ್ರಿ, ಹೆರಾಲ್ಡ್. ಎರಡ ಬಾಗಿಲದ್ದು," ಎಂದ ರವಿಕಿರಣ ಥಟ್ಟನೆ. ಹಳೆಯ ಕಾರುಗಳೆಂದರೆ ಅವನಿಗೆ ಜೀವ ಎಂದು ದಾರಿಯಲ್ಲಿ ಸತೀಶ ಹೇಳಿದ್ದ.

ಸುಂದರಾಬಾಯಿ ಕುರ್ಚಿ ಎಳೆದುಕೊಂಡು ಕುಳಿತರು. ಅವರ ಮುಖದಲ್ಲಿ ಗೆದ್ದ ಕಳೆ ಕಾಣಲಿಲ್ಲ. ಈ ಮನೆಗೆ ಬರದಿದ್ದರೇ ಚೆನ್ನಾಗಿತ್ತೆಂಬ ಮುಖವದು. ವತ್ಸಲಾ ಆ ಮುಖವನ್ನು ಬಲ್ಲಳು.

"ಎಲ್ಲಾರೂ ಕೂಡ್ರಿ," ಎಂದರು. "ಅಂಬಾಸಡರ್ ಮುಖದಾಗ ಈ ಚೌಕಡಿ ಜಾಳಗಿ ಬಂದದ್ದು ಅರವತ್ತೆರಡರ ಈಚೆ. ಐವತ್ತಾರರಾಗ ಅಂಬಾಸಡರ್ ಅನ್ನೋ ಗಾಡೀನ ಇದ್ದಿಲ್ಲ, ಹೆರಾಲ್ಡೂ ಇದ್ದಿಲ್ಲ. ಅಂದ್ರ ಇಸ್ವಿ ಸುಳ್ಳು. ತಮ್ಮ ಚಿತ್ರದ ವರ್ಷ ಯಾರರ ಆರೇಳ ವರ್ಷ ತಪ್ಪತಾರೇನು? ಲಗ್ನಕ್ಕ ಮುಂಚಿನ ಇಸ್ವಿ ಹಾಕಿದ್ರ, ಅದರಾಗ ಹೆಂಡ್ತಿ ಕೈ ಇತ್ತೇನು ಅಂತ ಯಾರೂ ಕೇಳೂದಿಲ್ಲ."

ಸುಂದರಾಬಾಯಿ ಭೂತಗನ್ನಡಿಯನ್ನು ಮಡಿಲಲ್ಲಿಟ್ಟುಕೊಂಡರು.

"ಇನ್ನ ಕಳವಿನ ಮಾತು. ಪೂರ್ವಿಗೆ ಅದು ಸೋಮವಾರ ಹೆಂಗೂ ಸಿಗೂದಿತ್ತು. ಸತೀಶನ ಕೈಯಾಗ ಎಷ್ಟೋ ವರ್ಷದಿಂದ ಚಾವಿ ಐತಿ. ಎಲ್ಲಾರೂ ಹುಡುಕೋ ದಿನಾನ ಅಂವ ಯಾಕ ಕದೀತಾನ? ರವಿಕಿರಣ, ಈ ದೀಪದ ತುಣುಕು ನೋಡಿ ಹೆರಾಲ್ಡ್ ಅನ್ನಬಹುದು, ನಾನೂ ಅಂತೀನಿ. ಆದ್ರ ಮುಂದ ನಾಕ ಬಾಗಿಲದ ಹೆರಾಲ್ಡೂ ಬಂದಾವು. ಎರಡ ಬಾಗಿಲದ್ದು ಅಂತ ಹೇಳಬೇಕಂದ್ರ ಪೂರ್ತಿ ಗಾಡಿ ನೋಡಿರಬೇಕು. ಪೂರ್ತಿ ಗಾಡಿ ಇರೋದು ನೆಗೆಟಿವಿನಾಗ ಅಷ್ಟ."

ರವಿಕಿರಣ ಕುರ್ಚಿಯಿಂದ ಅರ್ಧ ಎದ್ದ.

"ಆ ಅಂಚು ನಿಮ್ಮ ಅಪ್ಪ ಯಾಕ ಕತ್ತರಿಸಿದ್ರು? ಗಾಡಿ ಕ್ಯಾಮೆರಾಕ್ಕ ಭಾಳ ಹತ್ರ ಐತಿ. ಅದರ ಕಿಟಕಿ ಗಾಜಿನಾಗ ಫೋಟೋ ತಗದವರು ಕಂಡಿರಬೇಕು. ನೀವೂ ಕಂಡೀರಿ."

"ರವೀ, ತಗೊಂಡು ಬಾ," ಎಂದರು ಸತ್ಯಭಾಮಾ.

ಅವನು ಒಳಗೆ ಹೋಗಿ ತನ್ನ ಬಟ್ಟೆಗಳ ಅಡಿಯಿಂದ ನೆಗೆಟಿವ್ ತಂದ. ಪೂರ್ವಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊಬೈಲಿನಲ್ಲಿ ಚಿತ್ರ ತೆಗೆದು, ಕಪ್ಪು ಬಿಳುಪನ್ನು ತಿರುಗಿಸಿ ದೊಡ್ಡದು ಮಾಡಿದಳು. ಹೆರಾಲ್ಡಿನ ಗಾಜಿನಲ್ಲಿ ಸೆರಗು ಹೊದ್ದ ಹೆಣ್ಣೊಬ್ಬಳು ತಲೆ ಬಗ್ಗಿಸಿ, ಹೊಟ್ಟೆಯ ಮೇಲಿಟ್ಟ ಪೆಟ್ಟಿಗೆ ಕ್ಯಾಮೆರಾದೊಳಗೆ ಇಣುಕುತ್ತಿದ್ದಳು.

"ಅಪ್ಪನ ಹೆಸರು ಕೆಡ್ತದ ಅಂತ..." ರವಿಕಿರಣ ತೊದಲಿದ.

"ಅದಕ್ಕ ಸತೀಶನ ಹೆಸರು ಕೆಡಿಸಿದಿ?" ಸತ್ಯಭಾಮಾ ದನಿ ಏರಿಸಲಿಲ್ಲ. "ಅವ್ರು ಸ್ಪರ್ಧಾಕ್ಕ ತಮ್ಮ ಹೆಸರಿಲೆ ಕಳಿಸಿದಾಗ ಒಮ್ಮೆ ಕೇಳಿದ್ದೆ. 'ನಿಂದು ನಂದು ಬ್ಯಾರೆ ಏನ?' ಅಂದ್ರು. ಆಮ್ಯಾಲ ಕೇಳಾಕ ಬ್ಯಾಸರ ಆತು." ಮೊಬೈಲನ್ನು ಹತ್ತಿರ ಎಳೆದುಕೊಂಡರು. "ಆಗ ಏಳ ತಿಂಗಳು. ಕ್ಯಾಮೆರಾ ನಿನ್ನ ಮ್ಯಾಲ ಇಟ್ಟಿದ್ದೆ, ರವೀ. ಒದಿಯಾಕತ್ತಿದ್ದಿ. ನೀ ಸುಮ್ಮನಾಗೂತನಾ ಕಾದು ಒತ್ತಿದೆ."

ಅರವತ್ತರ ಮಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಹೆಸರು ಯಾರದು ಹಾಕಲಿ ಎಂದು ಪೂರ್ವಿ ಮೆಲ್ಲಗೆ ಕೇಳಿದಳು. ಸತ್ಯಭಾಮಾ ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದರು.

ರವಿಕಿರಣ ಸತೀಶನ ಕೈ ಹಿಡಿದ. "ತಪ್ಪಾತು. ನಾಳೆಯಿಂದ ಬಾ, ಸತೀಶ."

"ಬ್ಯಾಡ್ರಿ," ಎಂದ ಸತೀಶ, ಕೈ ಬಿಡಿಸಿಕೊಳ್ಳುತ್ತ. "ಭಾಳ ದಣದೀನ್ರಿ." ಸತ್ಯಭಾಮಾರ ಕಾಲು ಮುಟ್ಟಿ ಹೊರಗೆ ನಡೆದ.

ಅವನ ಮನೆಯೂ ನಾಚಾರಂ ಕಡೆಗೇ ಇತ್ತು. ವತ್ಸಲಾ ಹಿಂದಿನ ಬಾಗಿಲು ತೆರೆದಳು. ಪ್ಯಾರಡೈಸ್ ವೃತ್ತ ದಾಟುವ ಮೊದಲೇ ಅವನು ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದು, ನಿದ್ದೆ ಹೋಗಿದ್ದ. ಸುತ್ತ ಸಂಜೆಯ ಗಾಡಿಗಳೆಲ್ಲ ಒದರುತ್ತಿದ್ದವು. ವತ್ಸಲಾ ಮಾತ್ರ ಹಾರ್ನ್ ಒತ್ತದೆ, ಗುಂಡಿಗಳನ್ನು ತಪ್ಪಿಸುತ್ತ, ನಿಧಾನವಾಗಿ ಕಾರು ನಡೆಸಿದಳು.