ಗಟ್ಟಿ ಎಂದು ಬರೆದ ಗೋಡೆ

ಕಾನ್‌ಸ್ಟೆಬಲ್ ಷಾವ್ ಠಾಣೆಯ ಮೂಲೆಯಲ್ಲಿದ್ದ ಗುವಾನ್ ಗೊಂಗ್ ದೇವರ ಪೀಠದಿಂದ ಊದುಬತ್ತಿಯ ಬೂದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಬೂದಿ ನೆಲಕ್ಕೆ ಬೀಳದಂತೆ ಎಡಗೈಯನ್ನು ಅಂಚಿಗೆ ಒಡ್ಡಿದ್ದ. ಇನ್ಸ್‌ಪೆಕ್ಟರ್ ಕೋ ಯೂ-ಲಾನ್ ಹಿಂದಿನ ದಿನದ ಕಡತ ಓದುತ್ತಿದ್ದರು.

ಆಗಸ್ಟ್ 30, ಬುಧವಾರ, ಬೆಳಿಗ್ಗೆ 9.10. ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತಳು. ಏಪ್ರನ್ ತುಂಬ ಹಿಟ್ಟು, ತೋಳಿನ ಮೇಲೆ ರಕ್ತ.

"ರಕ್ತ ನಂದಲ್ಲ, ನಮ್ಮ ಯಜಮಾನ್ರದು. ಗೋಡೆ ಮೇಲಿಂದ ಟೈಲ್ಸ್ ಬಿತ್ತು."

"ಎಷ್ಟು ಹೊತ್ತಿಗೆ?"

"ಎಂಟೂ ಇಪ್ಪತ್ತೈದು. ಗೋಡೆ ಕೆಳಗೆ ನಮ್ಮ ಗಾಡಿ ಅಂಗಡೀಲಿ ಮೂಲಂಗಿ ಕೇಕು ಕರೀತಾ ಇದ್ರು. ಭುಜದ ಮೂಳೆ ಮುರಿದಿದೆ ಅಂದ್ರು ಡಾಕ್ಟರು. ಹೋದ ತಿಂಗಳು ತಾನೆ ಆ ಗೋಡೆ ತಪಾಸಣೆ ಮಾಡಿ, ಸುರಕ್ಷಿತ ಅಂತ ಬೋರ್ಡು ಹಾಕಿ ಹೋಗಿದಾರೆ ಮೇಡಂ. ಆ ಬೋರ್ಡಿನ ಕೆಳಗೇ ಬಿದ್ದಿರೋದು."

9.32ಕ್ಕೆ ಎಫ್‌ಐಆರ್ ದಾಖಲಾಯಿತು. 10.05ಕ್ಕೆ ಸ್ಥಳ ಪಂಚನಾಮೆ. ತೈಪೆಯ ದಾತೊಂಗ್ ಪ್ರದೇಶ, ನಲವತ್ತು ವರ್ಷ ಹಳೆಯ ಒಂಬತ್ತು ಮಹಡಿಯ ಕಟ್ಟಡ. ಆರನೇ ಮಹಡಿಯ ಹೊರಗೋಡೆಯಿಂದ ನಲವತ್ತೊಂದು ಟೈಲ್ಸ್ ಒಂದೇ ಹಲಗೆಯಂತೆ ಕಳಚಿ ಬಿದ್ದಿದ್ದವು.

ತಪಾಸಣೆ ನಡೆಸಿದ ಸಂಸ್ಥೆ ಎರಡು ಬೀದಿ ಆಚೆ ಇತ್ತು. ಸತ್ತವರ ಆತ್ಮಗಳಿಗೆ ಎಡೆ ಇಡುವ ಹಬ್ಬವಾದ್ದರಿಂದ ಒಳಗಿದ್ದವಳು ಒಬ್ಬಳೇ, ಪೆಂಗ್ ಹುಯಿ. ಹಗ್ಗದಲ್ಲಿ ಇಳಿದು ಗೋಡೆ ಬಡಿಯುವುದು ಅವಳ ಕೆಲಸ.

"ಹೇಗೆ ಬಡೀತೀರಿ?" ಕೋ ಕೇಳಿದರು.

"ಒಂದೊಂದು ಟೈಲ್‌ಗೂ ಸಣ್ಣ ಸುತ್ತಿಗೇಲಿ ಒಂದೊಂದು ಏಟು. ಗಟ್ಟಿಯಿದ್ರೆ ಒಂದು ಸದ್ದು, ಒಳಗೆ ಟೊಳ್ಳಿದ್ರೆ ಇನ್ನೊಂದು. ಟೊಳ್ಳು ಸಿಕ್ಕಿದ ಕಡೆ ನಕ್ಷೇಲಿ ಸೊನ್ನೆ ಹಾಕ್ತೀವಿ."

"ಬಿದ್ದ ಭಾಗ ಯಾರು ಬಡಿದಿದ್ದು?"

ಅವಳು ಕಡತದಿಂದ ನಕ್ಷೆ ತೆಗೆದಳು. "ಲಿಯಾವ್ ಜಿನ್-ಶೂಯಿ. ನಮ್ಮ ದೊಡ್ಡಪ್ಪ ಇದ್ದ ಹಾಗೆ. ನನಗೆ ಸುತ್ತಿಗೆ ಹಿಡಿಯೋದು ಕಲಿಸಿದ್ದೇ ಅವರು. ಮೂವತ್ತು ವರ್ಷದ ಕೈ."

ಕೋ ನಕ್ಷೆಯನ್ನೂ ಅದೇ ದಿನ ತೆಗೆದ ಫೋಟೋಗಳನ್ನೂ ಮೇಜಿನ ಮೇಲೆ ಹರಡಿದರು. ಹುಯಿ ಬಡಿದ ಭಾಗದಲ್ಲಿ ಇಪ್ಪತ್ತಮೂರು ಸೊನ್ನೆ. ಅವುಗಳಲ್ಲಿ ಹದಿನಾರು ಕಡೆ ಫೋಟೋದಲ್ಲಿ ಯಾವ ಬಿರುಕೂ ಕಾಣಲಿಲ್ಲ. ಲಿಯಾವ್ ಬಡಿದ ಭಾಗದಲ್ಲಿ ಹನ್ನೊಂದು ಸೊನ್ನೆ. ಹನ್ನೊಂದರಲ್ಲೂ ಬಿರುಕು ಎದ್ದು ಕಾಣುತ್ತಿತ್ತು.

"ಕಣ್ಣಿಗೆ ಕಂಡದ್ದನ್ನ ಮಾತ್ರ ಗುರುತು ಹಾಕಿದಾನೆ," ಕೋ ಹೇಳಿದರು.

"ಹಾಗಾದ್ರೆ ಹಗ್ಗವೇ ಹತ್ತಿಲ್ಲ ಆಸಾಮಿ," ಷಾವ್ ಉತ್ಸಾಹದಿಂದ ಎದ್ದ. "ಫೋಟೋ ನೋಡ್ಕೊಂಡು ಮನೇಲಿ ಕೂತು ಬರೆದಿದಾನೆ."

ಕಟ್ಟಡದ ಕಾವಲುಗಾರನಿಗೆ ಫೋನ್ ಹೋಯಿತು. ಆತ ರೇಗಿದ. "ಹತ್ತಿಲ್ವಾ? ಮೂರು ದಿನ ಟಕ್ ಟಕ್ ಅಂತ ನನ್ನ ಮಧ್ಯಾಹ್ನದ ನಿದ್ದೆ ತಿಂದಿದಾನೆ ಸ್ವಾಮಿ. ಒಂದು ಟೈಲ್ ಬಿಟ್ಟಿಲ್ಲ ಪುಣ್ಯಾತ್ಮ."

ಷಾವ್ ಮತ್ತೆ ಕುಳಿತ. ಬಡಿದಿದ್ದಾನೆ, ಆದರೆ ಟೊಳ್ಳು ಸಿಕ್ಕಿಲ್ಲ.

"ಲಿಯಾವ್‌ಗೆ ಫೋನ್ ಮಾಡಿ," ಕೋ ಹುಯಿಗೆ ಹೇಳಿದರು.

"ಎತ್ತಲ್ಲ ಮೇಡಂ. ಒಂದು ವರ್ಷದಿಂದ ಬರೀ ಮೆಸೇಜು. ನಾನು ಬೆಳಿಗ್ಗೆಯೇ ಟೈಲ್ಸ್ ಬಿದ್ದ ವಿಷಯ ಬರೆದು ಕಳಿಸಿದೀನಿ."

ಕೋ ಅವಳನ್ನೇ ದಿಟ್ಟಿಸಿದರು. "ಆಮೇಲೆ ಆತ ಬೇರೆ ಯಾವ ಗೋಡೆ ಬಡಿದ?"

ಹುಯಿ ಕಡತ ತಿರುವಿದಳು. ಅವಳ ಬೆರಳು ನಿಂತಿತು. "ಕಾಲುವೆ ದಾರಿಯ ಹದಿನಾಲ್ಕು ಮಹಡಿ. ಹೋದ ವಾರ. ಇಡೀ ಮುಂಭಾಗ ಅವರೊಬ್ಬರೇ. ಎಲ್ಲಾ ಗಟ್ಟಿ ಅಂತ ಬರೆದಿದಾರೆ." ಗೋಡೆ ಗಡಿಯಾರ 1.55 ತೋರಿಸುತ್ತಿತ್ತು. "ಮೇಡಂ, ಇವತ್ತು ಏಳನೇ ತಿಂಗಳ ಹುಣ್ಣಿಮೆ. ಎರಡೂವರೆ ಹೊತ್ತಿಗೆಲ್ಲ ಅಲ್ಲಿನ ಮನೆಮಂದಿಯೆಲ್ಲ ಆ ಗೋಡೆ ಬುಡದಲ್ಲೇ ಎಡೆ ಇಡ್ತಾರೆ."

ಜೀಪು ಹೊರಟಿತು. ಹಗ್ಗದ ಚೀಲ ಹುಯಿಯ ತೊಡೆಯ ಮೇಲಿತ್ತು. ಈ ದಿನ ಗೋಡೆ ಬಡಿಯುವವರು ಯಾರೂ ಹಗ್ಗ ಇಳಿಸುವುದಿಲ್ಲ. ಆತ್ಮಗಳು ಕಾಲು ಹಿಡಿದು ಎಳೆಯುತ್ತವೆ ಎಂಬ ಭಯ. ಷಾವ್ ಅದನ್ನೇ ನೆನಪಿಸಿದ.

"ಎಳೆದ್ರೆ ಎಳೀಲಿ," ಹುಯಿ ಹೇಳಿದಳು. "ನೀವು ಮೊದಲು ಆ ಸಿಗ್ನಲ್ ದಾಟಿಸಿ."

2.30. ಕಟ್ಟಡದ ಬುಡದಲ್ಲಿ ಇಪ್ಪತ್ತು ಮೇಜು, ಸುಮಾರು ಅರವತ್ತು ಜನ. ಬೇಯಿಸಿದ ಕೋಳಿ, ಅನಾನಸು, ನೂಡಲ್ಸ್ ಪೊಟ್ಟಣ, ಪ್ರತಿ ತಟ್ಟೆಗೂ ಚುಚ್ಚಿ ಹಚ್ಚಿದ ಊದುಬತ್ತಿ. ಹುಯಿ ಲಿಫ್ಟಿನಲ್ಲಿ ತಾರಸಿಗೆ ಓಡಿದಳು. ನಿವಾಸಿಗಳ ಸಂಘದ ಅಧ್ಯಕ್ಷೆ ಝಾನ್ ಅಜ್ಜಿ, ಮೇಜುಗಳನ್ನು ಸರಿಸಿ ಎಂದ ಕೋ ಅವರ ದಾರಿಗೆ ಅಡ್ಡ ನಿಂತರು.

"ಊದುಬತ್ತಿ ಹಚ್ಚಾಯ್ತು. ಅತಿಥಿಗಳು ಕೂತಾಯ್ತು. ದಿಕ್ಕಿಲ್ಲದ ಆತ್ಮಗಳು, ವರ್ಷಕ್ಕೊಂದ್ಸಲ ಹೊಟ್ಟೆ ತುಂಬ ಉಣ್ಣೋವು. ತಟ್ಟೆ ಮುಂದಿನಿಂದ ಎಬ್ಬಿಸಿದ್ರೆ ವರ್ಷವಿಡೀ ನಮ್ಮ ಲಿಫ್ಟಲ್ಲಿ ಓಡಾಡ್ತವೆ, ನಿಮ್ಮ ಠಾಣೇಲಲ್ಲ."

ಮೇಲಿನಿಂದ ಟಕ್ ಟಕ್ ಶುರುವಾಯಿತು. "ಎಂಟನೇ ಮಹಡಿ ಟೊಳ್ಳು," ಹುಯಿ ಕೂಗಿದಳು. "ಏಳೂ ಟೊಳ್ಳು. ಮೇಡಂ, ಡೋಲು ಬಡಿದ ಹಾಗಿದೆ."

ಇಬ್ಬರು ಪೊಲೀಸರು, ಅರವತ್ತು ಜನ. ಬಲವಂತಕ್ಕೆ ಹೊತ್ತಿರಲಿಲ್ಲ.

"ಎಬ್ಬಿಸಬೇಡಿ ಅಜ್ಜಿ," ಕೋ ಹೇಳಿದರು. "ಎದುರು ಫುಟ್‌ಪಾತಿಗೆ ಬರ್ತೀರಾ ಅಂತ ಅವರನ್ನೇ ಕೇಳಿ."

ಅಜ್ಜಿ ಯೋಚಿಸಿ, ಅರ್ಧಚಂದ್ರದ ಆಕಾರದ ಎರಡು ಮರದ ತುಂಡು ಹಿಡಿದು ಮಂಡಿಯೂರಿದರು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಒಪ್ಪಿಗೆ. ಎರಡೂ ಅಂಗಾತ ಬಿದ್ದವು.

"ನಗ್ತಿದಾರೆ," ಅಂದರು ಅಜ್ಜಿ.

ಮತ್ತೆ ಎಸೆದರು. ಎರಡೂ ಮಗುಚಿದವು. "ಬೇಡ ಅಂತಾರೆ."

"ಷಾವ್, ಎದುರಂಗಡಿಯಿಂದ ಎರಡು ಪೆಟ್ಟಿಗೆ ಬಿಯರ್ ತಂದು ಆ ಕಡೆ ಫುಟ್‌ಪಾತಲ್ಲಿ ಇಡು," ಕೋ ಹೇಳಿದರು. "ಅಜ್ಜಿ, ಈಗ ಕೇಳಿ."

ಷಾವ್ ಓಡಿದ, ತಂದ, ಇಟ್ಟ. ಅಜ್ಜಿ ಮೂರನೇ ಸಲ ಎಸೆದರು. ತುಂಡುಗಳು ನೆಲಕ್ಕೆ ಬಿದ್ದು ಉರುಳಿದವು. ಒಂದು ಮಗುಚಿತ್ತು, ಒಂದು ಅಂಗಾತ.

"ಕುಡುಕ ಮುಂಡೇವು," ಎಂದು ಅಜ್ಜಿ ಎದ್ದು, ತಾವೇ ಮೊದಲ ಮೇಜಿನ ಕಾಲು ಹಿಡಿದರು.

ಮುಂದಿನದು ಓಟವೇ. ಕೋಳಿ, ಬೂದಿಪಾತ್ರೆ, ಮಕ್ಕಳು, ಮೇಜು ಎಲ್ಲವೂ ರಸ್ತೆ ದಾಟಿದವು. ಕೋ ಕೈಯೆತ್ತಿ ಬಸ್ಸೊಂದನ್ನು ತಡೆದು ನಿಲ್ಲಿಸಿದರು. 3.04ಕ್ಕೆ ಕೊನೆಯ ಮೇಜೂ ಆಚೆ ಹೋಯಿತು. ಹುಯಿ ಬಾಲ್ಕನಿಯೊಂದರ ಒಳಗೆ ಕಾಲಿಟ್ಟು ಕಿರುಚಿದಳು. "ಗೋಡೆ ಉಬ್ತಾ ಇದೆ, ಯಾರೂ ಹತ್ರ ಬರಬೇಡಿ."

ಆಗ ಖಾಲಿ ಫುಟ್‌ಪಾತಿನ ಮೇಲೆ ಒಬ್ಬ ಮನುಷ್ಯ ಕಂಡ. ಅರವತ್ತರ ಪ್ರಾಯ, ಸೊಂಟದಲ್ಲಿ ಸುತ್ತಿಗೆಯ ಚೀಲ. ಗೋಡೆಗೆ ಅಂಗೈ ಒತ್ತಿ ಮೇಲೆ ನೋಡುತ್ತಿದ್ದ.

"ಏಯ್, ಈಚೆ ಬಾರಯ್ಯಾ." ಅರವತ್ತು ಗಂಟಲು ಒಟ್ಟಿಗೆ ಕೂಗಿದವು. ಬಸ್ಸಿನ ಚಾಲಕ ಹಾರ್ನ್ ಒತ್ತಿಯೇ ಹಿಡಿದ. ಆತ ತಿರುಗಲೇ ಇಲ್ಲ.

ಕೋ ಅವರಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. "ಷಾವ್, ಅವನೇ ಲಿಯಾವ್. ಅವನಿಗೆ ಕಿವಿ ಕೇಳಿಸಲ್ಲ. ಓಡು."

ಷಾವ್ ರಸ್ತೆ ದಾಟಿ, ಆತನ ನಡು ಹಿಡಿದು ಎಳೆದುಕೊಂಡೇ ಉರುಳಿದ. ಏಳನೇ ಮಹಡಿಯ ಗೋಡೆ ಚರ್ಮ ಸುಲಿದಂತೆ ಕಳಚಿ ಬಂತು. ಧೂಳು ಇಳಿದಾಗ ಲಿಯಾವ್ ನಿಂತಿದ್ದ ಜಾಗದಲ್ಲಿ ಮೊಣಕಾಲೆತ್ತರ ಟೈಲ್ಸ್ ಬಿದ್ದಿತ್ತು. ಒಬ್ಬರಿಗೂ ಪೆಟ್ಟಾಗಿರಲಿಲ್ಲ.

3.12ಕ್ಕೆ ಬಂಧನ. ಸುತ್ತಿಗೆಯ ಚೀಲದಲ್ಲಿ ಆಸ್ಪತ್ರೆಯ ಚೀಟಿ ಸಿಕ್ಕಿತು. ಹದಿನಾಲ್ಕು ತಿಂಗಳ ಹಿಂದಿನದು. ಎರಡೂ ಕಿವಿ ಬಹುತೇಕ ಹೋಗಿವೆ ಎಂದು ಅದರಲ್ಲಿತ್ತು.

ಠಾಣೆಯಲ್ಲಿ ಕೋ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ಮುಂದಿಟ್ಟರು. ಯಾಕೆ ಹೇಳಲಿಲ್ಲ?

"ಹೇಳಿದ್ರೆ ಗೇಟ್ ಕಾಯೋಕೆ ಕೂರಿಸ್ತಿದ್ರು. ಈ ಊರಿನ ಅರ್ಧ ಗೋಡೆ ನನ್ನ ಕಿವೀಲಿತ್ತು ಮೇಡಂ. ಸುತ್ತಿಗೆಯ ಹಿಡಿಕೇಲಿ ನಡುಕ ಗೊತ್ತಾಗುತ್ತೆ, ಕೈಯೇ ಸಾಕು ಅಂದ್ಕೊಂಡೆ." ಆತ ಅಂಗೈ ನೋಡಿಕೊಂಡ. "ಸಾಲಲ್ಲ ಅಂತ ಎರಡನೇ ತಿಂಗಳಿಗೇ ಗೊತ್ತಾಯ್ತು. ಆದ್ರೂ ಗಟ್ಟಿ ಅಂತ ಬರೆದೆ."

ನಿರ್ಲಕ್ಷ್ಯದಿಂದ ಗಾಯ, ಸುಳ್ಳು ದಾಖಲೆ ಎಂದು ಎರಡು ಆರೋಪ ನಮೂದಾದವು. ಆತ ಓದಿ ಸಹಿ ಹಾಕಿದ. ಸಾಕ್ಷಿ ಹೇಳಲು ಬಂದಿದ್ದ ಹುಯಿ ಬೆಂಚಿನ ಮೇಲೆ ಕುಳಿತಿದ್ದಳು. ಬಟ್ಟೆಗೆಲ್ಲ ಗೋಡೆಯ ಧೂಳು. ಸೆಲ್ ಕಡೆ ನಡೆಯುತ್ತ ಲಿಯಾವ್ ಅವಳ ಮುಂದೆ ನಿಂತ.

"ಹುಯಿ, ಇವತ್ತು ಆ ಗೋಡೆ ಹೇಗೆ ಕೇಳಿಸ್ತು, ಹೇಳಮ್ಮ."